ಒಂದಿನ, ಮೂರು ಸಣ್ಣ ನಡಿಗೆ: ಸೋಂದಾ ಕಡೆ ಹೀಗೆ ಹೋಗಿ

ಶಿರಸಿಗೆ ಬರೋ ನೆಂಟರು ಕೇಳೋದು ಯಾವಾಗ್ಲೂ ಒಂದೇ, ಭಾನುವಾರ ಒಂದಿನ ಇದೆ, ಏನೇನ್ ನೋಡ್ಬಹುದು ಅಂತ. ಕೇಳ್ತಾ ಕೇಳ್ತಾನೇ ಮೊಬೈಲ್ ತೆಗೆದು ಲಿಸ್ಟ್ ತೋರಿಸ್ತಾರೆ, ಯಾಣ, ಉಂಚಳ್ಳಿ, ಮಾಗೋಡು, ಬನವಾಸಿ ಎಲ್ಲಾ ಅದ್ರಲ್ಲೇ ಇರತ್ತೆ. ಒಂದು ಘಟ್ಟದ ಅಂಚಿಗೆ, ಒಂದು ಯಲ್ಲಾಪುರದ ಆಚೆ, ಇನ್ನೊಂದು ಮೂಡಣಕ್ಕೆ, ಇಡೀ ದಿನ ಗಾಡಿಯಲ್ಲೇ ಕಳೆದುಹೋಗತ್ತೆ, ಕಾಲು ನೆಲಕ್ಕೆ ತಾಗೋದು ಪಾರ್ಕಿಂಗಲ್ಲಿ ಮಾತ್ರ. ನಮ್ಮ ಕಡೆ ಕಾಡು, ತೋಟ, ಹಳ್ಳ ಎಲ್ಲಾ ಒಂದಕ್ಕೊಂದು ಅಂಟ್ಕೊಂಡೇ ಇರೋದು, ಅರ್ಧ ಗಂಟೆ ನಡೆದ್ರೂ ಸಾಕು ಮೂರೂ ಸಿಗತ್ತೆ. ಹಾಗಾಗಿ ನಾನು ಹೇಳೋದು ಇಷ್ಟು, ಒಂದು ದಿಕ್ಕು ಹಿಡೀರಿ, ಅಲ್ಲಿ ಎರಡು ಇಲ್ಲಾ ಮೂರು ಸಣ್ಣ ನಡಿಗೆ ಮಾಡಿ, ಮಧ್ಯ ಕೂತ್ಕೊಳ್ಳೋಕೆ ಟೈಮ್ ಇಟ್ಕೊಳ್ಳಿ.

ಮೊದಲು ದಿಕ್ಕು

ಯಾಣದ ಕಡೆ ಹೋಗೋದಾದ್ರೆ ಯಾಣ ಮತ್ತೆ ವಿಭೂತಿ ಫಾಲ್ಸ್ ಎರಡೇ ಇಟ್ಕೊಳ್ಳಿ, ಒಂದಿನಕ್ಕೆ ಅದೇ ಜಾಸ್ತಿ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್, ಎರಡೂ ಕಪ್ಪು ಸುಣ್ಣದ ಕಲ್ಲು. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಅಂತ ಹಿರಿಯರು ಹೇಳ್ತಿದ್ದ ಕಾಲದಲ್ಲಿ ಅಲ್ಲಿಗೆ ಹೋಗಿ ಬರೋದೇ ದೊಡ್ಡ ಸಾಹಸ ಆಗಿತ್ತು, ಈಗ ಗಾಡಿ ಹತ್ರದವರೆಗೂ ಹೋಗತ್ತೆ. ಆ ಬಂಡೆ ಮೇಲೆ ಹೆಜ್ಜೇನು ಗೂಡುಗಳಿವೆ, ಅಲ್ಲಿ ಕೂಗಾಟ, ಪಟಾಕಿ, ಹೊಗೆ ಯಾವ್ದೂ ಬೇಡ, ದಯವಿಟ್ಟು. ಉಂಚಳ್ಳಿ ಆದ್ರೆ ಹೆಗ್ಗರಣೆ ಮೇಲೆ ಹೋಗೋದು, ಅಘನಾಶಿನಿ ಅಲ್ಲಿ 116 ಮೀಟರ್ ಕೆಳಗೆ ಬೀಳತ್ತೆ. 1845ರಲ್ಲಿ ಲಷಿಂಗ್ಟನ್ ಅನ್ನೋ ಬ್ರಿಟಿಷ್ ಕಲೆಕ್ಟರ್ ನೋಡಿದ್ದಕ್ಕೆ ಲಷಿಂಗ್ಟನ್ ಫಾಲ್ಸ್ ಅಂತಾನೂ ಕರೀತಾರೆ, ಆದ್ರೆ ಊರವರ ಬಾಯಲ್ಲಿ ಅದು ಕೆಪ್ಪ ಜೋಗ, ಅದರ ಸದ್ದಿಗೆ ಪಕ್ಕದವರ ಮಾತೂ ಕೇಳ್ಸಲ್ಲ.

ಮೊದಲ ಸಲ ಬರೋರಿಗೆ, ಅದ್ರಲ್ಲೂ ಮಕ್ಕಳು, ಮಂಡಿನೋವಿರೋ ಅಪ್ಪ ಅಮ್ಮ ಜೊತೆಗಿದ್ರೆ, ನಾನು ಹೇಳೋದು ಸೋಂದಾ ಕಡೆ. ಬೆಳ್ಳಕ್ಕಿ ಬರೋ ಮುಂಡಿಗೆಕೆರೆ, ಸೋಂದಾ ಕೋಟೆ, ಶಾಲ್ಮಲಾ ಹೊಳೆಯ ಬಂಡೆಗಳಲ್ಲಿ ಲಿಂಗ ಕೆತ್ತಿರೋ ಸಹಸ್ರಲಿಂಗ. ಏರು ಜಾಸ್ತಿ ಇಲ್ಲ, ಜನಾನೂ ಕಮ್ಮಿ.

ಆಮೇಲೆ ಕಾಲ

ಇದನ್ನ ಸರಿಯಾಗಿ ಯೋಚ್ನೆ ಮಾಡಿ, ಯಾಕಂದ್ರೆ ಈ ಮೂರೂ ಒಂದೇ ಕಾಲದಲ್ಲಿ ಚೆನ್ನಾಗಿರಲ್ಲ. ಮುಂಡಿಗೆಕೆರೆಗೆ ಬೆಳ್ಳಕ್ಕಿಗಳು ಮಳೆ ಶುರುವಾಗೋ ಹೊತ್ತಿಗೆ ಬರ್ತವೆ, ಕೆರೆ ಮಧ್ಯ ಬೆಳೆದಿರೋ ಮುಂಡಿಗೆ (ಕೇದಗೆ ಜಾತಿ ಗಿಡ) ಹಿಂಡಿಲಲ್ಲಿ, ಅಂದ್ರೆ ಪೊದೆಯಲ್ಲಿ, ಗೂಡು ಕಟ್ಟಿ ಮರಿ ಮಾಡಿ ಮಳೆಗಾಲ ಮುಗಿದ ಮೇಲೆ ಹೋಗ್ತವೆ. ಸಹಸ್ರಲಿಂಗದಲ್ಲಿ ಇದಕ್ಕೆ ಉಲ್ಟಾ, ಮಳೆಗಾಲದಲ್ಲಿ ಶಾಲ್ಮಲಾ ತುಂಬಿ ಹರಿಯೋವಾಗ ಲಿಂಗ ಎಲ್ಲಾ ನೀರಿನಡಿ, ನೀರು ಇಳಿದ ಮೇಲೆ ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಕಾಣ್ತವೆ. ಹಕ್ಕಿ ಬೇಕಾ, ಲಿಂಗ ಬೇಕಾ ಅಂತ ಮೊದ್ಲೇ ತೀರ್ಮಾನ ಮಾಡ್ಕೊಂಡು ಹೊರಡಿ. ಶಿವರಾತ್ರಿ ದಿನ ಮಾತ್ರ ನದಿ ತುಂಬಾ ಜನ, ನಿಶ್ಶಬ್ದ ಬೇಕಾದ್ರೆ ಆ ದಿನ ಬಿಡಿ.

ಕಾಲ ಬದಲಾದ್ರೆ ಕಚ್ಚೋದೂ ಬದಲಾಗತ್ತೆ. ಮಳೆಗಾಲಕ್ಕೆ ಉಂಬಳ, ಅಂದ್ರೆ ಜಿಗಣೆ, ಬೇಸಿಗೆಗೆ ಉಣುಗು, ಅಂದ್ರೆ ಉಣ್ಣೆ. ಉಂಬಳಕ್ಕೆ ಹೆದರೋರು ಬಹಳ, ಆದ್ರೆ ಅದ್ರಿಂದ ಅಪಾಯ ಏನಿಲ್ಲ. ಪ್ಯಾಂಟಿನ ತುದಿಯನ್ನ ಸಾಕ್ಸ್ ಒಳಗೆ ಹಾಕಿ, ಸಣ್ಣ ಬಟ್ಟೆ ಗಂಟಲ್ಲಿ ಉಪ್ಪು ಇಟ್ಕೊಳ್ಳಿ, ನಮ್ಮಲ್ಲಿ ತೋಟಕ್ಕೆ ಹೋಗೋರು ಸುಣ್ಣ ಹೊಗೆಸೊಪ್ಪು ತಿಕ್ಕಿ ಕಾಲಿಗೆ ಹಚ್ಕೋತಾರೆ. ಕಚ್ಚಿದ್ರೆ ಎಳೀಬೇಡಿ, ಉಪ್ಪು ಮುಟ್ಟಿಸಿದ್ರೆ ತಾನೇ ಬಿಡತ್ತೆ. ಬಿಟ್ಟ ಮೇಲೂ ರಕ್ತ ಸ್ವಲ್ಪ ಹೊತ್ತು ಹರೀತಾನೇ ಇರತ್ತೆ, ಗಾಬರಿ ಬೇಡ, ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಅಂಶ ಅದರ ಜೊಲ್ಲಲ್ಲೇ ಇದೆ, ಒತ್ತಿ ಹಿಡ್ಕೊಂಡ್ರೆ ನಿಲ್ಲತ್ತೆ.

ಉಣುಗು ಹಾಗಲ್ಲ. ಮಂಗನ ಕಾಯಿಲೆ ಹರಡೋದು ಅದ್ರಿಂದಾನೇ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದ್ಲು ಪತ್ತೆ ಆಗಿದ್ದು, ಈಚಿನ ವರ್ಷಗಳಲ್ಲಿ ನಮ್ಮ ಜಿಲ್ಲೆ ಸಿದ್ದಾಪುರದಲ್ಲೂ ಜನರಿಗೆ ಬಂದಿದೆ, ಡಿಸೆಂಬರಿಂದ ಮೇ ತನಕ ಹೆಚ್ಚು. ಆ ತಿಂಗಳುಗಳಲ್ಲಿ ಹೊರಡೋ ಮುಂಚೆ ಆ ಊರಿನ ಆಶಾ ಕಾರ್ಯಕರ್ತೆಯನ್ನೋ, ಆರೋಗ್ಯ ಕೇಂದ್ರದವರನ್ನೋ ಒಂದು ಮಾತು ಕೇಳಿ, ಮಂಗ ಸತ್ತಿರೋ ಸುದ್ದಿ ಇದೆಯಾ ಅಂತ. ಇದ್ರೆ ಆ ಕಡೆ ಹೋಗ್ಲೇಬೇಡಿ. ಉದ್ದ ತೋಳು, ಉದ್ದ ಪ್ಯಾಂಟು, ತಿಳಿ ಬಣ್ಣದ ಬಟ್ಟೆ ಹಾಕ್ಕೊಳ್ಳಿ, ತಿಳಿ ಬಣ್ಣದ ಮೇಲೆ ಉಣುಗು ಹತ್ತಿದ್ದು ಬೇಗ ಕಾಣತ್ತೆ. ಒಣ ಎಲೆ ರಾಶಿ ಮೇಲೆ ಕೂರೋದು, ಮಲಗೋದು ಬೇಡ.

ಬ್ಯಾಗಲ್ಲಿ ಏನು

ಕಮ್ಮಿ ಇರ್ಲಿ. ಒಬ್ಬರಿಗೆ ಎರಡು ಲೀಟರ್ ನೀರು, ಒಂದು ಟವೆಲ್, ಟಾರ್ಚು, ಮಳೆಗಾಲ ಆದ್ರೆ ಕೊಡೆಗಿಂತ ರೇನ್‌ಕೋಟು ಒಳ್ಳೇದು, ಕೈ ಎರಡೂ ಖಾಲಿ ಇರತ್ತೆ. ತಿನ್ನೋಕೆ ನಮ್ಮನೆಯಿಂದ ಹೋಗೋದು ತೆಳ್ಳೇವು (ತೆಳು ದೋಸೆ) ಮತ್ತೆ ಡಬ್ಬಿಯಲ್ಲಿ ಜೋನಿ ಬೆಲ್ಲ, ಪ್ಲಾಸ್ಟಿಕ್ ಪ್ಯಾಕೆಟ್ ಒಂದೂ ಇಲ್ಲ. ಕಾಡೊಳಗೆ ನೆಟ್‌ವರ್ಕ್ ಸಿಗತ್ತೆ ಅಂತ ನಂಬ್ಕೋಬೇಡಿ. ಮೊಬೈಲ್ ಮ್ಯಾಪಲ್ಲಿ ಗೆರೆ ಕಂಡ್ರೂ ಅದು ಎಷ್ಟೋ ಸಲ ಸೊಪ್ಪು ತರೋ ದಾರಿ, ಬೆಟ್ಟದೊಳಗೆ ಹೋಗಿ ನಿಂತುಬಿಡತ್ತೆ.

ಇದು ನನಗೇ ಆಗಿದ್ದು. ಬೆಂಗಳೂರಿಂದ ಬಂದಿದ್ದ ತಂಗಿ ಮಕ್ಕಳನ್ನ ಕರ್ಕೊಂಡು ಮ್ಯಾಪ್ ನೋಡ್ತಾ ಶಾರ್ಟ್‌ಕಟ್ ಹಿಡಿದು, ಮುಕ್ಕಾಲು ಗಂಟೆ ನಡೆದ ಮೇಲೆ ದಾರಿನೇ ಇಲ್ಲ, ಸಂಜೆ ಬೇರೆ, ಸಣ್ಣವ ಅಳೋಕೆ ಶುರು ಮಾಡಿದ್ದ. ಅಲ್ಲಿ ದರಕು (ಒಣ ಎಲೆ) ಗುಡಿಸ್ತಾ ಇದ್ದ ಒಬ್ಬ ಅಜ್ಜಿ ಸಿಕ್ಕಿದ್ರು. “ಆಯೀ, ರೋಡಿಗೆ ಹೋಗೋಕೆ ದಾರಿ ಇದ್ಯಾ?” ಅಂದೆ. “ಇದ್ದಲಾ ತಮಾ, ತೋಟದ ಅಂಚಿಗೇ ಹೋಗು, ಹಳ್ಳ ಸಿಗ್ತು, ಮೊದ್ಲಿಂದು ಸಂಕ ದಾಟಡ, ಅದು ಲಡ್ಡಾಯ್ದು” ಅಂದ್ರು, ಮೊದಲ ಸಂಕ, ಅಂದ್ರೆ ಮರದ ಕಾಲುಸೇತುವೆ, ಕೊಳೆತಿದೆ, ದಾಟ್ಬೇಡ ಅಂತ. ಮೊದಲನೇ ಸಂಕ ಮೇಲಿಂದ ನೋಡೋಕೆ ಗಟ್ಟಿನೇ ಇತ್ತು, ಕೋಲಲ್ಲಿ ಕುಟ್ಟಿದ್ರೆ ಪುಡಿ ಉದುರ್ತು. ಆ ಮಾತು ಯಾವ ಮ್ಯಾಪಲ್ಲೂ ಇರಲ್ಲ. ಅವತ್ತಿಂದ ಎಲ್ಲಿಗೆ ಹೋದ್ರೂ ಮೊದಲ ಮನೆ ಅಂಗಳದಲ್ಲಿ ನಿಂತು ಕೇಳಿ ಮುಂದೆ ಹೋಗೋದು. ಕೇಳೋವಾಗ ಎಷ್ಟು ದೂರ ಅನ್ನೋ ಬದಲು ನಡೆದ್ರೆ ಎಷ್ಟು ಹೊತ್ತು ಅಂತ ಕೇಳಿ, ಸರಿಯಾದ ಉತ್ತರ ಸಿಗತ್ತೆ. ಆಸರಿಗೆ (ಕುಡಿಯೋಕೆ) ಬೇಕಾ ಅಂತ ಖಂಡಿತ ಕೇಳ್ತಾರೆ, ನೀರು ಬೆಲ್ಲ ಕೊಟ್ರೆ ಬೇಡ ಅನ್ಬೇಡಿ.

ದಾರಿ ನಡೆಯೋ ಕ್ರಮ

ಇಲ್ಲಿ ನೀವು ನಡೆಯೋ ದಾರಿ ಟ್ರೆಕ್ಕಿಂಗಿಗೆ ಅಂತ ಮಾಡಿದ್ದಲ್ಲ, ತೋಟಕ್ಕೆ, ಶಾಲೆಗೆ, ಸೊಪ್ಪಿಗೆ ಹೋಗೋರು ಮಾಡ್ಕೊಂಡಿದ್ದು. ದಣಪೆ (ಬೇಲಿಗೆ ಗಳ ಅಡ್ಡ ಹಾಕಿರೋ ಬಾಗಿಲು) ಸಿಕ್ರೆ ಗಳ ಸರಿಸಿ ದಾಟಿ, ಮತ್ತೆ ಹಾಗೇ ಹಾಕಿ, ಇಲ್ಲಾಂದ್ರೆ ದನ ಒಳಗೆ ನುಗ್ಗಿ ಒಂದು ರಾತ್ರಿಯಲ್ಲಿ ವರ್ಷದ ಗದ್ದೆ ಹಾಳು. ಗದ್ದೆ ಹಾಳಿ (ಬದು) ಮೇಲೆ ಒಬ್ಬರ ಹಿಂದೆ ಒಬ್ಬರು ಹೋಗಿ. ಚಳಿಗಾಲದಲ್ಲಿ ಅಂಗಳದ ತುಂಬಾ ಅಡಿಕೆ ಒಣಹಾಕಿರ್ತಾರೆ, ಅದನ್ನ ತುಳೀಬೇಡಿ, ಸುತ್ತಾಕ್ಕೊಂಡು ಹೋಗಿ.

ಸಂಕ ದಾಟೋದು ಒಂದು ಕಲೆ. ಎರಡು ಮೂರು ಅಡಿಕೆ ಮರ ಹಳ್ಳಕ್ಕೆ ಅಡ್ಡ ಹಾಕಿರ್ತಾರೆ, ಕೆಲವಕ್ಕೆ ಹಿಡಿಯೋಕೆ ಬಳ್ಳಿನೋ ಬಿದಿರೋ ಇರತ್ತೆ, ಕೆಲವಕ್ಕೆ ಇಲ್ಲ. ಮಳೆಗಾಲದಲ್ಲಿ ಅದರ ಮೇಲೆ ಹಸಿರು ಪಾಚಿ, ಬೂಟು ಹಾಕ್ಕೊಂಡವರೇ ಮೊದ್ಲು ಜಾರೋದು. ಊರವರನ್ನ ನೋಡಿ, ಚಪ್ಪಲಿ ಕೈಯಲ್ಲಿ ಹಿಡ್ಕೊಂಡು, ಪಾದ ಸ್ವಲ್ಪ ಓರೆ ಇಟ್ಟು, ಬೆರಳಲ್ಲಿ ಮರ ಕಚ್ಚಿ ಹಿಡಿದ ಹಾಗೆ ನಿಧಾನ ಹೋಗ್ತಾರೆ, ಕಣ್ಣು ನೀರಿನ ಮೇಲೆ ಇರಲ್ಲ, ಆಚೆ ದಡದ ಮೇಲಿರತ್ತೆ. ಒಂದ್ಸಲಕ್ಕೆ ಒಬ್ಬರೇ. ಧೈರ್ಯ ಬರ್ಲಿಲ್ವಾ, ವಾಪಸ್ ಬನ್ನಿ, ಬೇರೆ ದಾರಿ ಇದ್ದೇ ಇರತ್ತೆ.

ಈ ಬೆಟ್ಟ ಕಾಡು ಇಷ್ಟಾದ್ರೂ ಉಳ್ಕೊಂಡಿರೋದು ಸುಮ್ಮನೆ ಅಲ್ಲ. ಇದೇ ತಾಲೂಕಿನ ಸಾಲ್ಕಣಿ ಕಡೆ ಕಳಸೆ ಕಾಡಲ್ಲಿ 1983ರ ಸೆಪ್ಟೆಂಬರಲ್ಲಿ ಊರ ಗಂಡಸರು ಹೆಂಗಸರು ಹೋಗಿ ಮರ ಅಪ್ಪಿ ನಿಂತು ಕಡಿಯೋದನ್ನ ತಡೆದ್ರು, ಅಪ್ಪಿಕೋ ಚಳವಳಿ ಹುಟ್ಟಿದ್ದೇ ಹಾಗೆ. ಮರದ ತೊಗಟೆ ಮೇಲೆ ಚಾಕು ಹಾಕಿ ಹೆಸರು ಕೆತ್ತೋರನ್ನ ಕಂಡ್ರೆ ನನಗೆ ಹೊಟ್ಟೆ ಉರಿಯತ್ತೆ.

ಈಗ ದಿನ

ಹಕ್ಕಿ ಇರೋ ಕಾಲ ಆದ್ರೆ ಬೆಳಕು ಹರಿಯೋ ಹೊತ್ತಿಗೆ ಮುಂಡಿಗೆಕೆರೆ ಹತ್ರ ಇರಿ, ಶಿರಸಿಯಿಂದ ಸೋಂದಾ ಸುಮಾರು 20 ಕಿ.ಮೀ. ದಂಡೆ ಮೇಲೆ ಮಾತಾಡದೆ ಕೂತ್ಕೊಳ್ಳಿ. ಮೊದ್ಲು ಮುಂಡಿಗೆ ಹಿಂಡು ಪೂರ್ತಿ ಬಿಳಿ ಕಾಣತ್ತೆ, ಹೂ ಬಿಟ್ಟ ಹಾಗೆ, ಆಮೇಲೆ ಒಂದೊಂದೇ ಬೆಳ್ಳಕ್ಕಿ ಎದ್ದು ಗದ್ದೆ ಕಡೆ ಹೋಗ್ತಾ ಹೋಗ್ತಾ ಹಸಿರು ಕಾಣೋಕೆ ಶುರುವಾಗತ್ತೆ. ಅದನ್ನ ನೋಡೋಕೆ ಒಂದು ಗಂಟೆ ಕೊಡಿ. ಮುಂಡಿಗೆ ಎಲೆ ಅಂಚಲ್ಲಿ ಮುಳ್ಳು, ಅದೇ ಎಲೆ ಸೀಳಿ ಒಣಗಿಸಿ ಚಾಪೆ ನೇಯ್ತಾರೆ.

ಅಲ್ಲಿಂದ ಸೋಂದಾ ಕೋಟೆ. ಸೋದೆ (ಸೋಂದಾದ ಇನ್ನೊಂದು ಹೆಸರು) ಅರಸರದ್ದು, ಶಾಲ್ಮಲೆ ದಂಡೆ ಎತ್ತರದಲ್ಲಿ, ಗೋಡೆ ಮೇಲೆಲ್ಲಾ ಮರ ಬೆಳೆದು ಬೇರು ಕಲ್ಲಿನ ಸಂದಿಗೆ ಇಳಿದಿವೆ. ಒಂದು ಸುತ್ತು ಹಾಕಿ ಸಾಕು. ಹಾವು ಹುಳ ಇರೋ ಜಾಗ, ಬಿದ್ದ ಕಲ್ಲಿನ ಸಂದಿಗೆ ಕೈ ಹಾಕ್ಬೇಡಿ. ಮಧ್ಯಾಹ್ನಕ್ಕೆ ವಾದಿರಾಜ ಮಠಕ್ಕೆ ಹೋದ್ರೆ ಪ್ರಸಾದದ ಊಟ ಇರತ್ತೆ, ವಾದಿರಾಜರ ಬೃಂದಾವನ ಇರೋದೂ ಅಲ್ಲೇ. ಚಡ್ಡಿಯಲ್ಲಿ ಹೋಗೋದು ಬೇಡ, ಬ್ಯಾಗಲ್ಲಿ ಪಂಚೆ ಇಟ್ಕೊಂಡಿರಿ.

ಲಿಂಗ ಕಾಣೋ ಕಾಲ ಆದ್ರೆ, ಬಿಸಿಲು ಇಳಿದ ಮೇಲೆ, ಮೂರೂವರೆ ನಾಲ್ಕಕ್ಕೆ ಸಹಸ್ರಲಿಂಗ. ಯಲ್ಲಾಪುರ ರೋಡಲ್ಲಿ ಶಿರಸಿಯಿಂದ ಸುಮಾರು 17 ಕಿ.ಮೀ, ಬಸ್ಸಲ್ಲಿ ಬರೋರು ಹುಳಗೋಳಲ್ಲಿ ಇಳಿದು ನಡೀಬಹುದು, ಇಳಿಯೋವಾಗ್ಲೇ ಕಂಡಕ್ಟರಿಗೆ ಕೊನೇ ಬಸ್ ಎಷ್ಟಕ್ಕೆ ಅಂತ ಕೇಳ್ಕೊಳ್ಳಿ. ಲಿಂಗಗಳು ಸೋದೆಯ ಸದಾಶಿವರಾಯರ ಕಾಲದ್ದು ಅಂತಾರೆ, ಅವರು ಆಳಿದ್ದು 1678ರಿಂದ 1718. ಮಧ್ಯಾಹ್ನದ ಬಿಸಿಲಲ್ಲಿ ಹೋದ್ರೆ ಬಂಡೆ ಕಾಲು ಸುಡತ್ತೆ, ಕೆತ್ತನೆನೂ ಸರಿ ಕಾಣಲ್ಲ. ಸಂಜೆ ಓರೆ ಬಿಸಿಲಿಗೆ ಪ್ರತಿ ಲಿಂಗದ ನೆರಳು ಬೀಳತ್ತೆ, ಎದುರಿಗೆ ಕೂತಿರೋ ಬಸವನ ಬೆನ್ನೂ ಎದ್ದು ಕಾಣತ್ತೆ. ಒಂದರ ಹತ್ರ ಕೂತು ನೋಡಿ, ಬಸವನ ಮುಖ ನೀರಿಗೆ ಸವೆದು ಕಣ್ಣು ಮೂಗು ಗೊತ್ತಾಗಲ್ಲ, ಕೊರಳ ಸರ ಮಾತ್ರ ಬೆರಳಿಗೆ ಸಿಗತ್ತೆ, ಪಾಣಿಪೀಠದ ಗುಳಿಯಲ್ಲಿ ನಿಂತ ನೀರಲ್ಲಿ ಸಣ್ಣ ಮೀನು. ಲಿಂಗದ ಮೇಲೆ ಹತ್ತಿ ಫೋಟೋ ತೆಗೀಬೇಡಿ. ನೀರಿಗಿಳಿದು ಈಜೋದೂ ಬೇಡ, ಮೇಲೆ ಎಲ್ಲೋ ಮಳೆ ಬಂದ್ರೆ ಇಲ್ಲಿ ನೀರು ಏರೋಕೆ ಹೊತ್ತು ಬೇಡ, ನೀರಿನ ಬಣ್ಣ ಕೆಂಪಾಗಿದ್ದು ಕಂಡ ಕೂಡ್ಲೇ ದಡಕ್ಕೆ ಬನ್ನಿ. ತೂಗುಸೇತುವೆ ಮೇಲೆ ನಿಂತು ಇಡೀ ಹೊಳೆ ನೋಡ್ಬಹುದು, ಕುಲುಕಬೇಡಿ ಅಷ್ಟೇ.

ಕತ್ತಲಾಗೋ ಮುಂಚೆ ರೋಡಿಗೆ ಬಂದಿರಿ. ಮನೆಗೆ ಹೋದ ತಕ್ಷಣ ಹಾಕ್ಕೊಂಡಿದ್ದ ಬಟ್ಟೆ ಬಿಸಿನೀರಿಗೆ ಹಾಕಿ, ಬಿಸಿಬಿಸಿ ಸ್ನಾನ ಮಾಡಿ, ಮಂಡಿ ಹಿಂದೆ, ಕಂಕುಳು, ಕಿವಿ ಹಿಂದೆ, ಮಕ್ಕಳ ತಲೆ ಕೂದಲು ಎಲ್ಲಾ ಬೆಳಕಲ್ಲಿ ನೋಡಿ, ಮರಿ ಉಣುಗು ಎಳ್ಳಿಗಿಂತ ಸಣ್ಣ ಇರತ್ತೆ. ಒಂದೆರಡು ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದ್ರೆ ಮಾತ್ರೆ ನುಂಗಿ ಸುಮ್ಮನಿರ್ಬೇಡಿ, ಡಾಕ್ಟರಿಗೆ ತೋರ್ಸಿ, ಯಾವತ್ತು ಯಾವ ಊರ ಕಾಡಿಗೆ ಹೋಗಿದ್ರಿ ಅನ್ನೋದನ್ನ ಅವರು ಕೇಳದಿದ್ರೂ ನೀವೇ ಹೇಳಿ.