ವಯಸ್ಸು ಮುಚ್ಚಿಟ್ಟ ಬಸಿರು: ಉಪಕೇಂದ್ರದ ನನ್ನ ಅನುಭವ

ಯಾದಗಿರಿ ಜಿಲ್ಲೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ದುಡಿದ ವರ್ಷಗಳಲ್ಲಿ ನಾನು ಮೊದಲು ಕಲಿತದ್ದು, ಗರ್ಭಿಣಿಯ ವಯಸ್ಸನ್ನು ನೇರವಾಗಿ ಕೇಳಬಾರದು ಎಂಬುದನ್ನು. ಕೇಳಿದರೆ ಅತ್ತೆಯೇ ಮುಂದೆ ಬಂದು ‘ಹತ್ತೊಂಬತ್ತು ತುಂಬ್ಯಾವ್ರಿ’ ಎನ್ನುತ್ತಿದ್ದರು. ಹಾಗಾಗಿ ಶಾಲೆ ಬಿಟ್ಟದ್ದು ಯಾವ ತರಗತಿಗೆ, ಜೊತೆಗೆ ಓದಿದವರು ಈಗ ಏನು ಓದುತ್ತಿದ್ದಾರೆ ಎಂದು ವಿಚಾರಿಸಿ ಲೆಕ್ಕ ಹಾಕುತ್ತಿದ್ದೆ. ಹದಿನೆಂಟು ತುಂಬದವಳ ಬಸಿರನ್ನು ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆಯಡಿ ವರದಿ ಮಾಡಲೇಬೇಕು. ಗಂಡ ಜೈಲು ಸೇರುತ್ತಾನೆಂಬ ಭಯಕ್ಕೆ ಮನೆಯವರು ಹುಡುಗಿಯನ್ನು ನಮ್ಮ ಕಣ್ಣಿಗೆ ಬೀಳದಂತೆ ಇಡುತ್ತಾರೆ. ಹನ್ನೆರಡು ವಾರಗಳೊಳಗೆ ಆಗಬೇಕಾದ ನೋಂದಣಿ ಐದನೇ ತಿಂಗಳಿಗೆ ಹೋಗುತ್ತದೆ. ಚಿಕ್ಕ ವಯಸ್ಸೇ ಒಂದು ಅಪಾಯವಾದರೆ, ಅದನ್ನು ಮುಚ್ಚಿಡುವುದು ಆ ಅಪಾಯವನ್ನು ಇಮ್ಮಡಿ ಮಾಡುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರ ಪೈಕಿ ಶೇ. 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ನನ್ನ ಪಾಲಿಗೆ ಆ ಅಂಕಿಯ ಹಿಂದೆ ಒಬ್ಬ ಹುಡುಗಿಯ ಮುಖವಿದೆ.

ಆಶಾ ಕಾರ್ಯಕರ್ತೆಯೊಂದಿಗೆ ಅವಳ ಮನೆಗೆ ಹೋದ ದಿನ ನಾನು ಮೊದಲು ನೋಡಿದ್ದು ಅತ್ತೆಯ ಬಿ.ಪಿ.ಯನ್ನು, ಆಮೇಲೆಯೇ ಸೊಸೆ ಹೊರಗೆ ಬಂದಳು. ಹದಿನೇಳು ವರ್ಷ, ಎತ್ತರ 142 ಸೆಂ.ಮೀ., ಹಿಮೋಗ್ಲೋಬಿನ್ 7.4, ಅಂದರೆ ರಕ್ತಹೀನತೆ. ಎತ್ತರ 145 ಸೆಂ.ಮೀ.ಗಿಂತ ಕಡಿಮೆ ಇದ್ದವರನ್ನು ನಾವು ಅಪಾಯದ ಗರ್ಭಿಣಿಯರ ಪಟ್ಟಿಗೆ ಸೇರಿಸುತ್ತೇವೆ, ಏಕೆಂದರೆ ಸೊಂಟದ ಎಲುಬು ಪೂರ್ತಿ ಬೆಳೆಯದಿದ್ದರೆ ಮಗುವಿನ ತಲೆ ಇಳಿಯುವುದಕ್ಕೆ ದಾರಿ ಸಾಲದೆ ಹೆರಿಗೆ ಅಡ್ಡಗಟ್ಟಬಹುದು. ತಾನೇ ಇನ್ನೂ ಬೆಳೆಯುತ್ತಿರುವ ಮೈಯಲ್ಲಿ ಮತ್ತೊಂದು ಜೀವವೂ ಬೆಳೆಯುವಾಗ ಕಬ್ಬಿಣಾಂಶವಾಗಲಿ ಸುಣ್ಣದಂಶವಾಗಲಿ ಇಬ್ಬರಿಗೂ ಸಾಕಾಗುವುದಿಲ್ಲ. ವೈದ್ಯಾಧಿಕಾರಿಗಳು ಕಾನೂನಿನಂತೆ ವರದಿ ಮಾಡಿದರು. ಅದನ್ನು ಮೊದಲೇ ಮನೆಯವರಿಗೆ ತಿಳಿಸಿ, ಏನೇ ಆದರೂ ಚಿಕಿತ್ಸೆ ನಿಲ್ಲುವುದಿಲ್ಲವೆಂದು ಭರವಸೆ ಕೊಟ್ಟೆ. ಬಾಗಿಲು ಕೆಲವು ವಾರ ಮುಚ್ಚಿತು. ಆದರೂ ಹೋಗುವುದನ್ನು ಬಿಡಲಿಲ್ಲ.

ದಿನಕ್ಕೆ ಎರಡರಂತೆ ಕಬ್ಬಿಣದ ಮಾತ್ರೆ ಕೊಟ್ಟರೂ ರಕ್ತ ಏರಲಿಲ್ಲ. ಮಾತ್ರೆಯ ಖಾಲಿ ಹಾಳೆ ತೋರಿಸಲು ಕೇಳಿದಾಗ ಅವಳು ಅಕ್ಕಿ ಡಬ್ಬಿಯ ತಳದಿಂದ ತುಂಬಿದ ಹಾಳೆಗಳನ್ನೇ ತೆಗೆದಳು; ಮಾತ್ರೆ ತಿಂದರೆ ಕೂಸು ಕಪ್ಪಾಗುತ್ತದೆಂದು ಯಾರೋ ಹೇಳಿದ್ದರಂತೆ. ಬಯ್ಯಲಿಲ್ಲ. ರಾತ್ರಿ ಊಟವಾದ ಮೇಲೆ, ಚಹಾ ಇಲ್ಲದೆ, ನಿಂಬೆ ನೀರಿನ ಜೊತೆ ಅತ್ತೆಯೇ ಕೈಗೆ ಕೊಡುವಂತೆ ಒಪ್ಪಿಸಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುವ ಕಬ್ಬಿಣದ ಔಷಧ ಐರನ್ ಸುಕ್ರೋಸ್ ಕೂಡ ಹಾಕಿಸಿದೆವು.

ಎಂಟನೇ ತಿಂಗಳಲ್ಲಿ ಅವಳ ಕೈಬಳೆಗಳು ಬಿಗಿಯಾಗಿ ಚರ್ಮಕ್ಕೆ ಅಂಟಿಕೊಂಡಿದ್ದವು. ತಲೆನೋವು, ಕಣ್ಣು ಮಂಜು ಎಂದಳು. ಬಿ.ಪಿ. 150/100, ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್. ಇಪ್ಪತ್ತರಿಂದ ಇಪ್ಪತ್ತನಾಲ್ಕು ವರ್ಷದ ತಾಯಂದಿರಿಗಿಂತ ಹದಿಹರೆಯದವರಲ್ಲಿ ಬಸುರಿನ ನಂಜು ಏರಿ ಬರುವ ಸೆಳವು ಮತ್ತು ಹೆರಿಗೆಯ ನಂತರದ ಗರ್ಭಕೋಶದ ಸೋಂಕು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುವುದು ಇದನ್ನೇ. ಸೆಳವು ಬರುವ ಮೊದಲೇ 108 ವಾಹನದಲ್ಲಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ಸೆಳವು ತಡೆಯುವ ಮೆಗ್ನೀಷಿಯಂ ಸಲ್ಫೇಟ್ ಚುಚ್ಚುಮದ್ದು ಕೊಟ್ಟರು. ಹೆರಿಗೆ ಐದು ವಾರ ಮೊದಲೇ ಆಯಿತು. ಕೂಸಿನ ತೂಕ 1.8 ಕೆ.ಜಿ. ಇತ್ತು.

2.5 ಕೆ.ಜಿ.ಗಿಂತ ಕಡಿಮೆ ತೂಕದ ಮಗುವಿಗೆ ಮೈ ತಣ್ಣಗಾಗುವುದೇ ದೊಡ್ಡ ಶತ್ರು. ನವಜಾತ ಶಿಶು ಘಟಕದಿಂದ ಮನೆಗೆ ಬಂದ ಮೇಲೂ ಕೂಸನ್ನು ಬರಿಮೈಯಲ್ಲಿ ಎದೆಗೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯನ್ನು ಮುಂದುವರಿಸಿದೆವು. ತಾಯಿ ದಣಿದಾಗ ಅಜ್ಜಿಯೇ ಕಟ್ಟಿಕೊಂಡರು. ಆರನೇ ವಾರದ ಭೇಟಿಯಲ್ಲಿ ಅವಳೇ ‘ಅಕ್ಕಾ, ಇನ್ನು ಮೂರು ವರ್ಷ ಬ್ಯಾಡ’ ಎಂದು ಮೆಲ್ಲಗೆ ಹೇಳಿದಳು. ವೈದ್ಯರ ಸಲಹೆಯಂತೆ ಮೂರು ತಿಂಗಳಿಗೊಮ್ಮೆ ಹಾಕುವ ಗರ್ಭನಿರೋಧಕ ‘ಅಂತರಾ’ ಚುಚ್ಚುಮದ್ದು ಕೊಟ್ಟೆ. ಮೂರು ತಿಂಗಳ ನಂತರದ ದಿನಾಂಕವನ್ನು ಅತ್ತೆ ಗೋಡೆಯ ಕ್ಯಾಲೆಂಡರಿನಲ್ಲಿ ಅರಿಶಿನದಿಂದ ಗುರುತು ಮಾಡಿದರು.