ತೋಟದ ವಿಲ್: ನಾವೇ ಬರೆಯೋದಾ, ವಕೀಲರಿಗೆ ಕೊಡೋದಾ?

ವಿಲ್ ಬರೆಯಲು ಛಾಪಾ ಕಾಗದ ಬೇಡ. ಬಿಳಿ ಹಾಳೆ ಸಾಕು, ಕೈಬರಹವೂ ನಡೆಯುತ್ತದೆ. ವಕೀಲರೇ ಬರೆಯಬೇಕೆಂಬ ಕಾನೂನಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಅಂದ್ರೆ ನಾವೇ ಬರೆದರೆ ಖರ್ಚು ಹೆಚ್ಚುಕಡಿಮೆ ಸೊನ್ನೆ. ಹಾಗಿದ್ದರೂ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ತೋಟ ಇರುವವರು ಒಂದು ಕಡೆ ಮಾತ್ರ ದುಡ್ಡು ಬಿಚ್ಚಬೇಕು. ಅದಕ್ಕೆ ಆಮೇಲೆ ಬರೋಣ.

ಮೊದಲು ಪಹಣಿ ತೆಗೆಸಿ. ಇನ್ನೂ ತೀರಿಹೋದ ಅಪ್ಪನ ಹೆಸರೇ ಇದ್ದರೆ ಪೌತಿ ಖಾತೆಯ, ಅಂದ್ರೆ ವಾರಸುದಾರರ ಹೆಸರಿಗೆ ಖಾತೆ ಬದಲಿಸುವ ಕೆಲಸ ಮುಗಿಸಿಕೊಳ್ಳಿ. ನೀವೇ ದುಡಿದು ಕೊಂಡಿದ್ದನ್ನು ಯಾರಿಗೆ ಬೇಕಾದರೂ ಬರೆಯಬಹುದು. ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ನಿಮ್ಮ ಪಾಲನ್ನಷ್ಟೇ ಬರೆಯಬಹುದು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಅದರಲ್ಲಿ ಸಮಪಾಲು ಇದೆ. ಮದುವೆಯಲ್ಲಿ ಬಂಗಾರ ಕೊಟ್ಟಾಯ್ತಲ್ಲ ಅನ್ನುವ ವಾದ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಸರ್ಕಾರಿ ಬೆಟ್ಟ), ಇನ್ನೂ ಮಂಜೂರಾಗದ ಬಗರ್‌ಹುಕುಂ (ಅನುಮತಿಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ) ಜಾಗವನ್ನು ಸ್ವಂತ ಆಸ್ತಿ ಅಂತ ಬರೆಯಬೇಡಿ.

ಆಮೇಲೆ ಬರವಣಿಗೆ. ‘ಮೇಲಿನ ತೋಟ ದೊಡ್ಡವನಿಗೆ, ಕೆಳಗಿನದು ಚಿಕ್ಕವನಿಗೆ’ ಅಂದರೆ ಮನೆಯವರಿಗೆಲ್ಲ ಅರ್ಥವಾಗುತ್ತದೆ. ಆದರೆ ದಾಖಲೆಯಲ್ಲಿ ಎರಡೂ ಒಂದೇ ಸರ್ವೆ ನಂಬರಿನಲ್ಲಿರಬಹುದು. ಸರ್ವೆ ನಂಬರ್, ಹಿಸ್ಸಾ (ಆ ನಂಬರಿನ ಒಳಭಾಗ), ಎಕರೆ-ಗುಂಟೆ, ಚಕ್ಕುಬಂದಿ (ನಾಲ್ಕೂ ಕಡೆಯ ಗಡಿ) ಎಲ್ಲ ಬರಲಿ. ಕೆರೆ ನೀರು ಯಾವ ಕಡೆಯಿಂದ ಹಾಯಬೇಕು, ಅಡಿಕೆ ಕೊನೆ ಹೊರುವ ದಾರಿ ಯಾರ ಪಾಲಿನಲ್ಲಿದೆ ಅನ್ನುವುದನ್ನೂ ಬಿಡಬೇಡಿ. ಅಣ್ಣತಮ್ಮಂದಿರ ಜಗಳ ಜಾಸ್ತಿ ಹುಟ್ಟುವುದೇ ಅಲ್ಲಿ! ಬ್ಯಾಂಕ್ ಠೇವಣಿ, ಸೊಸೈಟಿ ಶೇರು ಕೂಡ ಸೇರಿಸಿ. ನಾಮಿನಿ ಇದ್ದಾರಲ್ಲ ಅಂತ ಸುಮ್ನಿರಬೇಡಿ, ನಾಮಿನಿ ಆದ ಮಾತ್ರಕ್ಕೆ ವಾರಸುದಾರ ಆಗುವುದಿಲ್ಲ. ಪಟ್ಟಿಯಲ್ಲಿ ಬಿಟ್ಟುಹೋದದ್ದು ಯಾರಿಗೆ ಅಂತ ಕೊನೆಗೊಂದು ಸಾಲು ಇರಲಿ.

ಸಹಿಗೆ ಇಬ್ಬರು ಸಾಕ್ಷಿಗಳು ಬೇಕು. ನಿಮ್ಮೆದುರೇ ಅವರೂ ಸಹಿ ಹಾಕಲಿ. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಿದರೆ ಅನುಮಾನಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ನಿಮಗಿಂತ ಚಿಕ್ಕ ವಯಸ್ಸಿನವರು ಒಳ್ಳೆಯದು. ನಾಳೆ ತಕರಾರು ಬಂದರೆ ಕೋರ್ಟಿನಲ್ಲಿ ಹೇಳಿಕೆ ಕೊಡಲು ಅವರಲ್ಲಿ ಒಬ್ಬರಾದರೂ ಬೇಕಲ್ವಾ? ತೀರಾ ವಯಸ್ಸಾಗಿದ್ದರೆ, ಬುದ್ಧಿ ಸ್ವಾಧೀನದಲ್ಲಿದೆ ಎಂಬ ಡಾಕ್ಟರ ಚೀಟಿ ಜೊತೆಗಿರಲಿ.

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದರೆ ಇನ್ನೂ ಗಟ್ಟಿ. ಕ್ರಯಪತ್ರದ ಹಾಗೆ ಆಸ್ತಿ ಬೆಲೆಯ ಮೇಲೆ ಶುಲ್ಕವಿಲ್ಲ, ಸಣ್ಣ ಮೊತ್ತ.

ಈಗ ವಕೀಲರ ಮಾತು. ಸ್ವಂತ ದುಡಿಮೆಯ ಒಂದು ಮನೆ, ಮಕ್ಕಳಲ್ಲಿ ಹೊಂದಾಣಿಕೆ ಇದ್ದರೆ ನೀವೇ ಬರೆದರೂ ಸಾಕು. ಪಾಲಾಗದ ಆಸ್ತಿ, ಗೇಣಿಯಿಂದ (ಒಕ್ಕಲಾಗಿ ಉಳುತ್ತಿದ್ದುದರಿಂದ) ಬಂದ ಅಥವಾ ಸರ್ಕಾರದಿಂದ ಮಂಜೂರಾದ ಜಮೀನು, ಎರಡು ಸಂಸಾರ, ಒಬ್ಬರನ್ನು ಬಿಟ್ಟು ಬರೆಯುವ ಯೋಚನೆ, ಇದರಲ್ಲಿ ಯಾವುದಿದ್ದರೂ ವಕೀಲರಿಗೆ ತೋರಿಸಲೇಬೇಕು. ಮುಸ್ಲಿಂ ಕುಟುಂಬಗಳೂ ಕೇಳಿಕೊಳ್ಳಿ, ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ವಿಲ್ ಮಾಡಲಾಗದು. ಕರಡು ನೀವೇ ಬರೆದು, ಪಹಣಿ ಜೊತೆ ಒಯ್ದು ತಿದ್ದಿಸಿದರೆ ಪೂರ್ತಿ ಬರೆಸುವುದಕ್ಕಿಂತ ಕಡಿಮೆಯಲ್ಲಿ ಮುಗಿಯಬಹುದು. ತಿದ್ದಲು ಎಷ್ಟು, ನೋಂದಣಿ ದಿನ ಜೊತೆಗೆ ಬರಲು ಎಷ್ಟು ಅಂತ ಮೊದಲೇ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ಅಷ್ಟೂ ಕಷ್ಟ ಅನ್ನುವವರು ಶಿವಮೊಗ್ಗದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಬಹುದು. ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಸಹಾಯವಾಣಿ 15100.