ಗುಡ್ಡೆಯ ಕತೆಗಳನ್ನು ಮನೆಯಲ್ಲೇ ದಾಖಲಿಸುವ ಕ್ರಮ

‘ಒಂದು ಕತೆ ಹೇಳಿ ಅಜ್ಜಾ’ ಎಂದು ಕೇಳಿದರೆ ರಾಮಾಯಣದ್ದೋ ಯಕ್ಷಗಾನ ಪ್ರಸಂಗದ್ದೋ ಬರುತ್ತದೆ. ಮನೆಯ ಹಿಂದಿನ ಗುಡ್ಡೆಯದ್ದು ಬರುವುದಿಲ್ಲ. ಕಾಸರಗೋಡಿನ ಪೊಸಡಿಗುಂಪೆ ಗುಡ್ಡೆಯ ಆಸುಪಾಸು, ಬಾಯಾರು, ಪೆರ್ಲ ಕಡೆಯ ಮನೆಗಳಲ್ಲಿ ಹಿರಿಯರ ಮಾತು ರೆಕಾರ್ಡ್ ಮಾಡುವಾಗ ನಾನು ಕತೆ ಕೇಳುವುದೇ ಇಲ್ಲ, ದಾರಿ ಕೇಳುತ್ತೇನೆ. ಬೈಲಿನ, ಎಂದರೆ ತಗ್ಗಿನ, ತೋಟದಿಂದ ಪಾರೆಯ (ಗುಡ್ಡೆಯ ಮೇಲಿನ ಕಲ್ಲುಹಾಸಿನ) ತಲೆಯವರೆಗೆ ಆಗ ಹೇಗೆ ಹತ್ತುತ್ತಿದ್ದಿರಿ? ದನಗಳನ್ನು ಎಲ್ಲಿಗೆ ಅಟ್ಟುತ್ತಿದ್ದಿರಿ? ಸೊಪ್ಪು ತರುತ್ತಿದ್ದ ಕುಮ್ಕಿ (ತೋಟಕ್ಕೆ ತಾಗಿದ, ಸೊಪ್ಪು ಕಡಿಯುವ ಹಕ್ಕಿದ್ದ ಸರಕಾರಿ ಜಾಗ) ಯಾವ ಮನೆಯದ್ದು? ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗ ತೋಡಿದ್ದು ಯಾರು, ಎಷ್ಟು ಕೋಲಿಗೆ ನೀರು ಸಿಕ್ಕಿತು? ಪ್ರತಿ ತಿರುವಿಗೂ ಒಂದು ಹುಲಿ, ಒಂದು ದೈವ, ಒಂದು ಗಡಿಜಗಳ ಇದ್ದೇ ಇರುತ್ತದೆ. ಅವರು ಹೇಳುತ್ತಿದ್ದಂತೆ ಕಾಗದದ ಮೇಲೆ ದಾರಿಯ ಗೆರೆ ಎಳೆದು, ಜಾಗದ ಹೆಸರನ್ನೂ ರೆಕಾರ್ಡಿಂಗಿನ ನಿಮಿಷವನ್ನೂ ಗುರುತು ಹಾಕಿಕೊಳ್ಳುತ್ತೇನೆ. ಆಮೇಲೆ ಗುಡ್ಡೆ ಹತ್ತುವಾಗ ಆ ಕಾಗದವೇ ನಕ್ಷೆ.

ಅಳತೆಯನ್ನು ಅವರು ಹೇಳಿದ ಹಾಗೆಯೇ ಬರೆಯಬೇಕು. ಕೋಲು ಎಂದರೆ ಸುಮಾರು ಎರಡೂವರೆ ಅಡಿ. ಮೀಟರಿನಲ್ಲಿ ಮಾತ್ರ ಬರೆದಿಟ್ಟರೆ, ಇನ್ನೊಬ್ಬರು ಅದೇ ಸುರಂಗದ ಲೆಕ್ಕ ಹೇಳಿದಾಗ ತಾಳೆ ನೋಡುವುದು ಕಷ್ಟ. ಜಿಪಿಎಸ್ ಗುರುತನ್ನು ಸುರಂಗದ ಬಾಯಿಯಲ್ಲೇ ತೆಗೆಯಿರಿ, ಒಳಗೆ ಸಿಗುವುದಿಲ್ಲ. ಹಳೆಯ ಸುರಂಗಕ್ಕೆ ಮಳೆಗಾಲದಲ್ಲಿ ನುಗ್ಗಲೇಬಾರದು. ನೆನೆದ ಮಣ್ಣು ಯಾವಾಗ ಕುಸಿಯುತ್ತದೆಂದು ಹೇಳಲಾಗದು.

ಇಸವಿ ಕೇಳಿದರೆ ಹಿರಿಯರು ತಡವರಿಸುತ್ತಾರೆ. ‘ಕೇರಳಕ್ಕೆ ಸೇರುವ ಮೊದಲೋ?’ ಎಂದರೆ 1956ರ ಆಚೆ ಈಚೆ ತಿಳಿಯುತ್ತದೆ. ‘ಗೇಣಿ ನಿಂತ ಮೇಲೋ?’ ಎಂದರೆ ಭೂಸುಧಾರಣೆಯ 1970. ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. ಈ ಮೂರು ಗೂಟಗಳು ಸಾಕು.

ಎಲ್ಲಕ್ಕಿಂತ ಮುಖ್ಯ, ಎದುರಿಗೆ ಮನೆಯ ಮಗುವೊಂದು ಕೂತು ‘ಹೂಂ’ ಎನ್ನುತ್ತಿರಬೇಕು. ಹೊರಗಿನವರೊಬ್ಬರೇ ಕೂತರೆ ಅಜ್ಜಿಯ ಮಾತು ಪುಸ್ತಕದ ಕನ್ನಡಕ್ಕೆ ತಿರುಗಿ ಎರಡೇ ವಾಕ್ಯದಲ್ಲಿ ಮುಗಿಯುತ್ತದೆ. ಮೊಮ್ಮಗಳಿದ್ದರೆ ಹವ್ಯಕ ಕನ್ನಡವೋ ತುಳುವೋ ಮನೆಮಾತೇ ಹೊರಡುತ್ತದೆ, ಹುಲಿಯ ಸದ್ದು, ಕೊಡಲಿಯ ಸದ್ದು ಸಮೇತ. ಮಗು ನಡುವೆ ಕೇಳುವ ಪ್ರಶ್ನೆಗಳನ್ನು ಕತ್ತರಿಸಬೇಡಿ. ಬರಹಕ್ಕೆ ಇಳಿಸುವಾಗಲೂ ಮನೆಮಾತನ್ನೇ ಉಳಿಸಿ. ಹವ್ಯಕದಲ್ಲಿ ಹೆಂಗಸಿಗೂ ‘ಬಂತು’ ಎಂದೇ ಇರುವುದರಿಂದ, ಬಂದದ್ದು ಅಕ್ಕನೋ ಹುಲಿಯೋ ಎಂದು ಗೊಂದಲವಾದಲ್ಲಿ ಮಾತ್ರ ಅಂಚಿನಲ್ಲಿ ಟಿಪ್ಪಣಿ ಹಾಕುತ್ತೇನೆ.

ಮೊಬೈಲು ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಚಿದ ಬೈರಾಸಿನ (ಟವೆಲಿನ) ಮೇಲೆ, ಬಾಯಿಗೆ ನೇರ ಎದುರಲ್ಲದೆ ಸ್ವಲ್ಪ ಓರೆಯಾಗಿ, ಒಂದು ಮೊಳ ದೂರದಲ್ಲಿಡಿ. ಬರಿಯ ಮೇಜಿನ ಮೇಲಿಟ್ಟರೆ ಕೈ ತಾಗಿದ್ದೆಲ್ಲ ಗುಡುಗಿನಂತೆ ಕೇಳುತ್ತದೆ. ವೇವ್ ಫೈಲ್, 48 ಕಿಲೋಹರ್ಟ್ಸ್, 16 ಬಿಟ್, ಮೋನೋ: ಗಂಟೆಗೆ ಸುಮಾರು 345 ಎಂಬಿ. ಧ್ವನಿಯ ಮಟ್ಟ ಮೈನಸ್ 12 ಡೆಸಿಬೆಲ್ ಸುತ್ತ ಇರಲಿ, ಹುಲಿ ಗರ್ಜಿಸುವಲ್ಲಿ ಒಡೆಯಬಾರದು. ಫ್ಯಾನ್ ಆರಿಸಿ. ಮುಸ್ಸಂಜೆ ಜೀರುಂಡೆ, ಮಳೆಗಾಲದಲ್ಲಿ ತಗಡಿನ ಮಾಡು, ಎರಡೂ ಮಾತನ್ನು ನುಂಗುತ್ತವೆ. ಆಮೇಲೆ ಸಾಫ್ಟ್‌ವೇರಿನಲ್ಲಿ ಗದ್ದಲ ತೆಗೆಯಲು ಹೋದರೆ ಸಕಾರ ಶಕಾರಗಳೂ ಸವೆಯುತ್ತವೆ. ಚಾಲಿ, ಎಂದರೆ ಒಣಗಿಸಿದ, ಅಡಿಕೆ ಸುಲಿಯುವಾಗ ಕತೆ ಚೆನ್ನಾಗಿ ಬರುತ್ತದೆ, ಆದರೆ ಸಿಪ್ಪೆಯ ಸದ್ದು ಜೋರು. ಅಲ್ಲಿ ಸುಮ್ಮನೆ ಕೇಳಿ ವಿಷಯ ಬರೆದುಕೊಂಡು, ಮರುದಿನ ಊಟದ ನಂತರ ಚಾವಡಿಯಲ್ಲಿ ಕೂರಿಸಿ ಕೇಳುವುದು ನನ್ನ ರೂಢಿ.

ನಾಗಬನದ ಜಾಗ, ದೈವದ ನುಡಿ, ಕುಟುಂಬದ ವ್ಯಾಜ್ಯ ಇವುಗಳ ಬಗ್ಗೆ ಮನೆಯವರು ‘ಇದು ಬೇಡ’ ಎಂದರೆ ಆ ಭಾಗವನ್ನು ಬೇರೆ ಫೈಲಾಗಿ ಅವರಲ್ಲೇ ಬಿಡಬೇಕು. ಉಳಿದದ್ದರ ಪೂರ್ತಿ ಪ್ರತಿಯೂ ಮನೆಗೆ ಸಲ್ಲಬೇಕು. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಎಂದೇ ಕಳಿಸಿ. ಹೆಸರಿನಲ್ಲಿ ದಿನಾಂಕ, ಗುಡ್ಡೆ, ಹೇಳಿದವರ ಸಂಬಂಧ ಮೂರೂ ಇರಲಿ.